ವಾರಾಂತ್ಯದ ಬೆಟ್ಟ, ತಣ್ಣನೆಯ ಹೊಳೆ

‘ಅಮ್ಮಾ, ಈ ಶನಿವಾರ ಫ್ರೆಂಡ್ಸ್ ಜೊತೆ ಹೈಲ್ಯಾಂಡ್ಸ್‌ಗೆ ಹೋಗ್ತಾ ಇದ್ದೀವಿ. ಭಾನುವಾರ ರಾತ್ರಿ ವಾಪಸ್.’

ಎಡಿನ್‌ಬರೋದಿಂದಲೋ ಗ್ಲಾಸ್ಗೊದಿಂದಲೋ ಇಂಥದೊಂದು ಫೋನು ಬಂದಾಗ ಮೈಸೂರಿನಲ್ಲೋ ದಾವಣಗೆರೆಯಲ್ಲೋ ಕುಳಿತ ತಾಯಿ-ತಂದೆ ಕೇಳುವ ಪ್ರಶ್ನೆಗಳು ಎಲ್ಲರಿಗೂ ಗೊತ್ತಿರುವಂಥವೇ. ಯಾರ್ಯಾರು ಹೋಗ್ತಿದ್ದೀರಪ್ಪ? ಎಷ್ಟು ಖರ್ಚಾಗುತ್ತೆ? ಊಟಕ್ಕೇನು ಮಾಡ್ತೀರಿ? ಫೋನು ಮಾಡಿದವಳು ಮಗಳಾದರೆ ಇನ್ನೂ ನಾಲ್ಕು ಪ್ರಶ್ನೆ ಹೆಚ್ಚು. ಅಲ್ಲಿ ಸೂರ್ಯ ಎಷ್ಟು ಗಂಟೆಗೆ ಮುಳುಗುತ್ತಾನೆ, ಬೆಟ್ಟ ಹತ್ತಲು ಯಾವ ಬಟ್ಟೆ ಹಾಕಿಕೊಳ್ಳುತ್ತೀರಿ, ಹೊಳೆಗೆ ಇಳಿಯುವ ಯೋಚನೆ ಇದೆಯೇ ಎಂದು ಕೇಳುವವರು ವಿರಳ. ಮಕ್ಕಳ ಜೀವಕ್ಕೆ ಸಂಬಂಧಪಟ್ಟ ಪ್ರಶ್ನೆಗಳು ಇವೇ.

ಹೊರದೇಶದಲ್ಲಿ ಓದುವವರಿಗೆ ವಾರಾಂತ್ಯವೆಂದರೆ ಬರೀ ರಜೆಯಲ್ಲ. ಬ್ರಿಟನ್ನಿನಲ್ಲಿ ಪದವಿ ಓದಲು ವೀಸಾ ಪಡೆದವರು ತರಗತಿಗಳು ನಡೆಯುವ ದಿನಗಳಲ್ಲಿ ವಾರಕ್ಕೆ ಹೆಚ್ಚೆಂದರೆ 20 ಗಂಟೆ ದುಡಿಯಬಹುದು. ಅಂಗಡಿ, ಹೋಟೆಲು, ಉಗ್ರಾಣಗಳಲ್ಲಿ ಕೆಲಸ ಸುಲಭವಾಗಿ ಸಿಗುವುದು ಶನಿವಾರ, ಭಾನುವಾರಗಳಲ್ಲಿಯೇ. ಆದ್ದರಿಂದ ನಾಲ್ವರು ಗೆಳೆಯರಿಗೆ ಒಂದೇ ವಾರಾಂತ್ಯ ಬಿಡುವು ಸಿಗಬೇಕಾದರೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಹೀಗೆ ಕಾದು ಸಿಕ್ಕಿದ ಎರಡು ದಿನವನ್ನು ಮಳೆ ಬಂತೆಂದೋ ಮೋಡ ಕವಿಯಿತೆಂದೋ ಕೈಬಿಡಲು ಯಾರಿಗೆ ಮನಸ್ಸಾದೀತು? ತೊಂದರೆಯ ಮೊದಲ ಬೀಜ ಬೀಳುವುದು ಇಲ್ಲಿ.

ಹಾಗೆಂದು ಪ್ರವಾಸ ಬೇಡವೆನ್ನುವುದು ಸರಿಯಲ್ಲ. ಲಕ್ಷಗಟ್ಟಲೆ ಸಾಲ ಮಾಡಿ ಸ್ಕಾಟ್ಲೆಂಡ್‌ಗೆ ಹೋದ ಹುಡುಗ ಗ್ರಂಥಾಲಯ, ಅಡುಗೆಮನೆ, ಕೆಲಸದ ಜಾಗ ಇಷ್ಟನ್ನೇ ನೋಡಿ ಬಂದರೆ ಅದು ಅರ್ಧ ಓದು. ಅಲ್ಲಿಯ 2003ರ ಭೂಸುಧಾರಣಾ ಕಾಯಿದೆಯು ಬೆಟ್ಟ, ಬಯಲು, ಕೆರೆದಂಡೆಗಳಲ್ಲಿ ಜವಾಬ್ದಾರಿಯಿಂದ ನಡೆದಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಅಲ್ಲಿಯವನೇ ಆಗಿರಬೇಕೆಂದಿಲ್ಲ. ರೈಲಿನಲ್ಲಿ ವಿದ್ಯಾರ್ಥಿಗಳ ರಿಯಾಯಿತಿ ಕಾರ್ಡು ಇದ್ದರೆ ಟಿಕೆಟ್ಟಿನ ಮೂರನೆಯ ಒಂದು ಭಾಗ ಉಳಿಯುತ್ತದೆ. 2022ರಿಂದ 22 ವರ್ಷದೊಳಗಿನ ನಿವಾಸಿಗಳಿಗೆ ಬಸ್ ಪ್ರಯಾಣ ಪೂರ್ತಿ ಉಚಿತ. (ನಮ್ಮಲ್ಲಿ ಎಂಜಿನಿಯರಿಂಗ್ ಮುಗಿಸಿ ಎಂ.ಎಸ್ಸಿ.ಗೆ ಹೋಗುವವರಿಗೆ ಆ ವೇಳೆಗೆ ಸರಿಯಾಗಿ 22 ತುಂಬಿರುತ್ತದೆ, ಅದು ಅವರ ದುರದೃಷ್ಟ!) ಚಪಾತಿ ಸುತ್ತಿಕೊಂಡು, ಪುಳಿಯೋಗರೆ ಕಲಸಿಕೊಂಡು ಹೊರಟರೆ ಊಟದ ಖರ್ಚೂ ಇಲ್ಲ.

ಬಹಳ ಮಂದಿಯ ಪಟ್ಟಿಯಲ್ಲಿ ಮೊದಲು ಇರುವುದು ಗ್ಲೆನ್‌ಫಿನನ್ ಸೇತುವೆ. ಹ್ಯಾರಿ ಪಾಟರ್ ಚಿತ್ರಗಳಲ್ಲಿ ಉಗಿಬಂಡಿ ಓಡುವ, 21 ಕಮಾನುಗಳ ಕಾಂಕ್ರೀಟಿನ ಆ ರೈಲ್ವೆ ಸೇತುವೆಯ ಮಾರ್ಗ 1901ರಲ್ಲಿ ತೆರೆಯಿತು. ಗ್ಲಾಸ್ಗೊದಿಂದ ಅಲ್ಲಿಗೆ ರೈಲಿನಲ್ಲಿ ಸುಮಾರು ಐದು ಗಂಟೆ. ದಿನಕ್ಕೆ ಕೆಲವೇ ರೈಲುಗಳು, ಭಾನುವಾರ ಇನ್ನೂ ಕಡಿಮೆ. ಒಂದು ತಪ್ಪಿದರೆ ಮತ್ತೊಂದು ಹಿಡಿದರಾಯಿತು ಎಂಬ ಮೆಜೆಸ್ಟಿಕ್‌ನ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಸೂರ್ಯನ ಲೆಕ್ಕ

ಭೂಮಿಯ ಅಕ್ಷ ಇಪ್ಪತ್ತಮೂರೂವರೆ ಡಿಗ್ರಿ ಓರೆಯಾಗಿದೆ ಎಂದು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದು ಎಲ್ಲರಿಗೂ ನೆನಪಿರುತ್ತದೆ. ಅದರ ಅರ್ಥ ಮೈಗೆ ತಾಗುವುದು 56ನೆಯ ಅಕ್ಷಾಂಶದಲ್ಲಿ. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ವ್ಯತ್ಯಾಸ ಒಂದೂವರೆ ಗಂಟೆ ಮಾತ್ರ. ಎಡಿನ್‌ಬರೋದಲ್ಲಿ ಜೂನ್ ತಿಂಗಳ ಹಗಲು ಹದಿನೇಳೂವರೆ ಗಂಟೆ ಇದ್ದರೆ ಡಿಸೆಂಬರಿನದು ಏಳು ಗಂಟೆ. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂಮುಕ್ಕಾಲಕ್ಕೆ ಮೊದಲೇ ಸೂರ್ಯಾಸ್ತ!

ಇದಕ್ಕಿಂತ ಮೋಸದ್ದು ಅಕ್ಟೋಬರ್ ಕೊನೆಯ ಭಾನುವಾರ. ಅಂದು ನಸುಕಿನಲ್ಲಿ ಇಡೀ ದೇಶದ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಶನಿವಾರ ಸುಮಾರು ಐದೂಮುಕ್ಕಾಲಕ್ಕೆ ಮುಳುಗಿದ ಸೂರ್ಯ ಭಾನುವಾರ ನಾಲ್ಕೂಮುಕ್ಕಾಲಕ್ಕೇ ಮುಳುಗಿಬಿಡುತ್ತಾನೆ. ಸೆಪ್ಟೆಂಬರಿನಲ್ಲಿ ಬಂದಿಳಿದ ಹೊಸ ವಿದ್ಯಾರ್ಥಿಗಳು ಸ್ವಲ್ಪ ನೆಲೆಯೂರಿ ಮೊದಲ ಪ್ರವಾಸಕ್ಕೆ ಹೊರಡುವ ಸಮಯವೂ ಹೆಚ್ಚುಕಡಿಮೆ ಇದೇ. ನಿನ್ನೆ ಇದೇ ಹೊತ್ತಿಗೆ ಬೆಳಕಿತ್ತಲ್ಲ ಎಂದು ಬೆಟ್ಟದ ಮೇಲೆ ಕುಳಿತವರು ಕತ್ತಲಲ್ಲಿ ದಾರಿ ಹುಡುಕಬೇಕಾಗುತ್ತದೆ.

ಬೆಟ್ಟದ ಲೆಕ್ಕ

ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ 1,930 ಮೀಟರು. ಬ್ರಿಟನ್ನಿನ ಅತಿ ಎತ್ತರದ ಶಿಖರ ಬೆನ್ ನೆವಿಸ್ 1,345 ಮೀಟರು. ಇಷ್ಟನ್ನೇ ನೋಡಿದ ನಮ್ಮ ಹುಡುಗರು ‘ಇದೇನು ಮಹಾ’ ಎಂದುಕೊಳ್ಳುವುದು ಸಹಜ. ಆದರೆ ಮುಳ್ಳಯ್ಯನಗಿರಿಯ ನೆತ್ತಿಯ ಹತ್ತಿರದವರೆಗೂ ವಾಹನ ಹೋಗುತ್ತದೆ. ಬೆನ್ ನೆವಿಸ್ ಏರುವವರು ಹೊರಡುವುದು ಸಮುದ್ರಮಟ್ಟದ ಆಸುಪಾಸಿನಿಂದ, ಎತ್ತರದ ಪ್ರತಿ ಮೀಟರನ್ನೂ ಕಾಲಿನಿಂದಲೇ ಗಳಿಸಬೇಕು.

ಇದಕ್ಕೆ ಎಷ್ಟು ಹೊತ್ತು ಬೇಕು? ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಒಂದು ಸರಳ ಸೂತ್ರ ಕೊಟ್ಟ. ಇಂದಿನ ಅಳತೆಯಲ್ಲಿ ಹೇಳುವುದಾದರೆ ಪ್ರತಿ 5 ಕಿಲೊಮೀಟರ್ ನಡಿಗೆಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಬೆನ್ ನೆವಿಸ್‌ನ ಸಾಮಾನ್ಯ ಕಾಲುದಾರಿ ಒಂದು ಕಡೆಗೆ ಸುಮಾರು 8 ಕಿ.ಮೀ. ಅಂದರೆ ದೂರಕ್ಕೆ ಒಂದೂಮುಕ್ಕಾಲು ಗಂಟೆಯಷ್ಟು, ಏರಿಗೆ ಎರಡೂಕಾಲು, ಒಟ್ಟು ನಾಲ್ಕು ಗಂಟೆ. ಇದು ಹತ್ತುವ ಲೆಕ್ಕ ಮಾತ್ರ. ಇಳಿಯಬೇಕು, ಉಣ್ಣಬೇಕು, ಫೋಟೊ ತೆಗೆಯಬೇಕು. ಗುಂಪಿನಲ್ಲಿ ಅತಿ ನಿಧಾನವಾಗಿ ನಡೆಯುವವರ ವೇಗವೇ ಎಲ್ಲರ ವೇಗ. ಬೆಳಗ್ಗೆ ತಡವಾಗಿ ಎದ್ದು ಹನ್ನೊಂದಕ್ಕೆ ಹೊರಟವರಿಗೆ ಜೂನ್ ತಿಂಗಳಾದರೆ ಪರವಾಗಿಲ್ಲ, ಅಕ್ಟೋಬರ್ ಕೊನೆಯಲ್ಲಿ ಹಗಲು ಸಾಲದು.

ಮೇಲೆ ಹೋದಂತೆ ಗಾಳಿ ತಂಪಾಗುವುದು ಸರಾಸರಿ ಪ್ರತಿ ಸಾವಿರ ಮೀಟರಿಗೆ ಆರೂವರೆ ಡಿಗ್ರಿ. ತಪ್ಪಲಿನ ಫೋರ್ಟ್ ವಿಲಿಯಂ ಊರಿನಲ್ಲಿ 12 ಡಿಗ್ರಿ ಇದ್ದರೆ ಶಿಖರದಲ್ಲಿ ಮೂರು, ನಾಲ್ಕು. ಅದರ ಮೇಲೆ ಗಾಳಿ ಮತ್ತು ತುಂತುರು. ಇಲ್ಲಿ ಜೀನ್ಸ್ ಪ್ಯಾಂಟಿನ ವಿಷಯ ಹೇಳಲೇಬೇಕು. ಬೇಸಿಗೆಯಲ್ಲಿ ನಮ್ಮ ಮನೆಗಳ ಮಣ್ಣಿನ ಹೂಜಿಯ ನೀರು ತಣ್ಣಗಾಗುವುದು ಹೇಗೆ? ಹೊರಮೈಯಲ್ಲಿ ಜಿನುಗಿದ ನೀರು ಆವಿಯಾಗುವಾಗ ಪ್ರತಿ ಗ್ರಾಮಿಗೆ ಸುಮಾರು 580 ಕ್ಯಾಲೊರಿ ಶಾಖವನ್ನು ಹೀರಿಕೊಳ್ಳುತ್ತದೆ, ಒಳಗಿನ ನೀರು ತಂಪಾಗುತ್ತದೆ. ನೆನೆದ ಹತ್ತಿ ಬಟ್ಟೆ ತೊಟ್ಟು ಗಾಳಿಗೆ ನಿಂತವನ ಮೈ ಅದೇ ಹೂಜಿ! ಹತ್ತಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೇಗ ಒಣಗುವುದೂ ಇಲ್ಲ. ಉಣ್ಣೆಯ ಸ್ವೆಟರು, ಬೇಗ ಒಣಗುವ ಪಾಲಿಯೆಸ್ಟರ್ ಪ್ಯಾಂಟು, ಮೇಲೊಂದು ಮಳೆಯಂಗಿ ಇದ್ದರೆ ಸಾಕು, ದುಬಾರಿ ಬ್ರಾಂಡು ಬೇಕಿಲ್ಲ.

ಇದೇ ಶಿಖರದ ಮೇಲೆ 1883ರಿಂದ 1904ರವರೆಗೆ ಒಂದು ಹವಾಮಾನ ವೀಕ್ಷಣಾಲಯವಿತ್ತು. ಕೇಂಬ್ರಿಜ್‌ನಲ್ಲಿ ಓದಿ ಎರಡು ವರ್ಷವಾಗಿದ್ದ ಸಿ.ಟಿ.ಆರ್. ವಿಲ್ಸನ್ ಎಂಬ ಯುವಕ 1894ರ ಸೆಪ್ಟೆಂಬರಿನಲ್ಲಿ ಎರಡು ವಾರ ಅಲ್ಲಿ ಕೆಲಸ ಮಾಡಿದ. ಕೆಳಗಿನ ಮೋಡದ ಮೇಲೆ ಬೀಳುವ ನೆರಳಿನ ಸುತ್ತ ಬಣ್ಣದ ಬಳೆಗಳು ಮೂಡುವುದನ್ನು ಕಂಡು ಬೆರಗಾಗಿ, ಅದನ್ನು ಪ್ರಯೋಗಾಲಯದಲ್ಲಿ ಮಾಡಿ ನೋಡಲು ಹೊರಟ. ಅದರಿಂದ ಹುಟ್ಟಿದ್ದು ಮೋಡಕೋಠಿ, ಅಂದರೆ ಕಣ್ಣಿಗೆ ಕಾಣದ ಕಣಗಳ ಜಾಡನ್ನು ಕಾಣಿಸುವ ಉಪಕರಣ. 1927ರಲ್ಲಿ ಅದಕ್ಕೆ ನೊಬೆಲ್ ಬಂತು. 1895ರ ಬೇಸಿಗೆಯಲ್ಲಿ ಅವನು ಮತ್ತೆ ಅದೇ ಬೆಟ್ಟಸಾಲಿಗೆ ಹೋಗಿದ್ದಾಗ ಗುಡುಗಿನ ಮೋಡ ಕವಿದು ತಲೆಗೂದಲು ನೆಟ್ಟಗೆ ನಿಂತಿತು. ಸಿಡಿಲಿನ ಮುನ್ಸೂಚನೆ ಅದು. ನೊಬೆಲ್ ಪಡೆಯಲಿದ್ದ ಆ ಭೌತವಿಜ್ಞಾನಿ ಏನು ಮಾಡಿದ? ಕೆಳಗೆ ಓಡಿದ.

ಲಿನ್ ಆಫ್ ಟಮೆಲ್

ಎಡಿನ್‌ಬರೋದಿಂದ ರೈಲಿನಲ್ಲಿ ಎರಡು ಗಂಟೆಯಷ್ಟು ದೂರದ ಪಿಟ್ಲಾಕ್ರಿ ಒಂದು ಚಿಕ್ಕ, ಚೊಕ್ಕ ಊರು. ಅಲ್ಲಿಯ ವಿದ್ಯುತ್ ಅಣೆಕಟ್ಟಿನ ಪಕ್ಕದಲ್ಲಿ ಸಾಲ್ಮನ್ ಮೀನುಗಳು ಹೊಳೆಯ ಮೇಲ್ಭಾಗಕ್ಕೆ ಹತ್ತಿ ಹೋಗಲೆಂದು 34 ತೊಟ್ಟಿಗಳ ಮೆಟ್ಟಿಲು ಕಟ್ಟಿದ್ದಾರೆ. ಊರಿನಿಂದ ನಾಲ್ಕೈದು ಕಿಲೊಮೀಟರ್ ಕಾಡುದಾರಿಯಲ್ಲಿ ನಡೆದರೆ ಗ್ಯಾರಿ ಮತ್ತು ಟಮೆಲ್ ನದಿಗಳ ಸಂಗಮ. ಅದೇ ಲಿನ್ ಆಫ್ ಟಮೆಲ್. ‘ಲಿನ್’ ಎಂದರೆ ಅಲ್ಲಿಯ ಗೇಲಿಕ್ ಭಾಷೆಯಲ್ಲಿ ಮಡು. ಬಂಡೆಗಳ ನಡುವೆ ನುಗ್ಗಿ ಇಳಿಯುವ ನೀರು, ಸುತ್ತ ದಟ್ಟ ಮರಗಳು. ವಿಕ್ಟೋರಿಯಾ ರಾಣಿ 1844ರಲ್ಲಿ ಬಂದು ನೋಡಿದ್ದರ ನೆನಪಿಗೆ ಅಲ್ಲೊಂದು ಕಲ್ಲಿನ ಕಂಬವಿದೆ.

2024ರ ಏಪ್ರಿಲ್‌ನಲ್ಲಿ ಗೆಳೆಯರ ಗುಂಪಿನೊಡನೆ ಅಲ್ಲಿಗೆ ಹೋಗಿದ್ದ ಭಾರತದ ಇಬ್ಬರು ವಿದ್ಯಾರ್ಥಿಗಳು ನೀರುಪಾಲಾದರು. ಅದೇ ವರ್ಷ ಜೂನ್‌ನಲ್ಲಿ ರಷ್ಯಾದ ವೆಲಿಕಿ ನೊವ್‌ಗೊರೊದ್ ನಗರದ ಬಳಿ ವೋಲ್ಖೋವ್ ನದಿಯಲ್ಲಿ ಭಾರತದ ನಾಲ್ವರು ವೈದ್ಯಕೀಯ ವಿದ್ಯಾರ್ಥಿಗಳು ಮುಳುಗಿ ಸತ್ತರು. ಹೊರದೇಶವೆಂದರೆ ಕಳ್ಳರ, ಗುಂಡೇಟಿನ ಭಯಪಡುವ ತಂದೆತಾಯಿಗಳಿಗೆ ಒಂದು ಸುಂದರ ಹೊಳೆಯ ಭಯ ಹೊಳೆಯುವುದೇ ಇಲ್ಲ.

‘ನನ್ನ ಮಗನಿಗೆ ಈಜು ಬರುತ್ತೆ’ ಎನ್ನುವ ಧೈರ್ಯ ಬೇರೆ. ಅವನು ಈಜಿದ್ದು ಎಲ್ಲಿ? ಕಾವೇರಿಯಲ್ಲೋ, ತುಂಗೆಯಲ್ಲೋ, ಊರ ಬಾವಿಯಲ್ಲೋ. ಅಲ್ಲಿಯ ನೀರು 25 ಡಿಗ್ರಿಯ ಆಸುಪಾಸು. ಹೈಲ್ಯಾಂಡ್ಸ್‌ನ ಹೊಳೆ ಏಪ್ರಿಲ್‌ನಲ್ಲಿ 10 ಡಿಗ್ರಿಗಿಂತಲೂ ತಣ್ಣಗಿರುತ್ತದೆ. ಬಿಸಿಲು ಚುರುಕಾಗಿದ್ದ ದಿನವೂ ಬೆಟ್ಟದ ಹಿಮ ಕರಗಿ ಬಂದ ನೀರು ತಣ್ಣಗೇ ಇರುತ್ತದೆ. ನೀರಿನ ವಿಶಿಷ್ಟೋಷ್ಣ ಹೆಚ್ಚು, ಆದ್ದರಿಂದ ಅದು ಗಾಳಿಯಷ್ಟು ಬೇಗ ಬಿಸಿಯಾಗದು.

15 ಡಿಗ್ರಿಗಿಂತ ತಣ್ಣನೆಯ ನೀರಿಗೆ ದೇಹ ಒಮ್ಮೆಲೇ ಬಿದ್ದಾಗ ಚರ್ಮದ ನರಗಳು ಮಿದುಳಿಗೆ ಗಾಬರಿಯ ಸಂದೇಶ ಕಳಿಸುತ್ತವೆ. ಬಯಸಲಿ, ಬಿಡಲಿ, ಬಿದ್ದವನು ಬಾಯಿ ತೆರೆದು ಜೋರಾಗಿ ಉಸಿರೆಳೆದುಕೊಳ್ಳುತ್ತಾನೆ. ಆ ಕ್ಷಣ ಮುಖ ನೀರಿನೊಳಗಿದ್ದರೆ ಶ್ವಾಸಕೋಶಕ್ಕೆ ಹೋಗುವುದು ನೀರು. ಬಳಿಕ ಉಸಿರು ಹತೋಟಿ ತಪ್ಪಿ ಏದುಸಿರಾಗುತ್ತದೆ, ಎದೆಬಡಿತ, ರಕ್ತದೊತ್ತಡ ಏರುತ್ತವೆ. ಚಳಿಯಿಂದ ಸಾಯಲು ಅರ್ಧ ಗಂಟೆಯ ಮೇಲೆ ಬೇಕು. ಆದರೆ ಉಸಿರು ತಪ್ಪಿ ಮುಳುಗಲು ಒಂದು ನಿಮಿಷ ಸಾಕು. ಆ ಒಂದು ನಿಮಿಷ ದಾಟಿದರೂ ಹತ್ತು ನಿಮಿಷದಲ್ಲಿ ಕೈಕಾಲಿನ ಸ್ನಾಯುಗಳು ಮರಗಟ್ಟತೊಡಗುತ್ತವೆ. ಒಳ್ಳೆಯ ಈಜುಗಾರನಿಗೂ ಇದರಿಂದ ವಿನಾಯಿತಿ ಇಲ್ಲ.

ಬ್ರಿಟನ್ನಿನ ಜೀವರಕ್ಷಕ ದೋಣಿ ಸಂಸ್ಥೆಯವರು ಜನರಿಗೆ ಹೇಳಿಕೊಡುವ ಉಪಾಯ ಸುಲಭದ್ದು. ಬಿದ್ದ ತಕ್ಷಣ ಈಜಲು ಒದ್ದಾಡಬಾರದು. ತಲೆಯನ್ನು ಹಿಂದಕ್ಕೆ ಚೆಲ್ಲಿ, ಕಿವಿ ನೀರಲ್ಲಿ ಮುಳುಗುವಂತೆ ಅಂಗಾತ ತೇಲಬೇಕು, ಕೈಕಾಲು ಮೆಲ್ಲಗೆ ಆಡಿಸಬೇಕು. ಒಂದೂವರೆ ನಿಮಿಷದೊಳಗೆ ಉಸಿರು ಹಿಡಿತಕ್ಕೆ ಬರುತ್ತದೆ. ಕೂಗುವುದು, ಈಜುವುದು ಆಮೇಲೆ.

ದಡದಲ್ಲಿ ನಿಂತವರದು ಇನ್ನೂ ಕಷ್ಟದ ಪರೀಕ್ಷೆ. ಮುಳುಗುತ್ತಿರುವವನು ಜೀವದ ಗೆಳೆಯ, ನೋಡುತ್ತ ನಿಲ್ಲುವುದು ಹೇಗೆ? ಆದರೆ ಹಾರಿದವನಿಗೂ ಅದೇ ತಣ್ಣೀರು, ಅದೇ ಏದುಸಿರು. ಹರಿಯುವ ನೀರಿನ ತಳ್ಳುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಒಂದು ಸಾವು ಎರಡಾಗುವುದು, ಎರಡು ನಾಲ್ಕಾಗುವುದು ಹೀಗೆಯೇ, ಮೇಕೆದಾಟುವಿನಲ್ಲಾದರೂ ಸರಿ, ಸ್ಕಾಟ್ಲೆಂಡಿನಲ್ಲಾದರೂ ಸರಿ. ದಡದಲ್ಲಿ ಜೀವರಕ್ಷಕ ಬಳೆ ಇದ್ದರೆ ಅದನ್ನು, ಇಲ್ಲದಿದ್ದರೆ ಹಗ್ಗ, ಉದ್ದನೆಯ ಕೊಂಬೆ, ಮುಚ್ಚಳ ಬಿಗಿದ ಖಾಲಿ ಬಾಟಲಿ ತುಂಬಿದ ಚೀಲ, ಏನು ಸಿಕ್ಕಿದರೆ ಅದನ್ನು ಎಸೆಯಬೇಕು. ಒಬ್ಬರು ಕೂಡಲೇ 999ಕ್ಕೆ ಫೋನು ಮಾಡಬೇಕು.

ಬೆಟ್ಟದಲ್ಲಿ ತೊಂದರೆಯಾದರೆ 999ರಲ್ಲಿ ಮೊದಲು ‘ಪೊಲೀಸ್’, ಅನಂತರ ‘ಮೌಂಟನ್ ರೆಸ್ಕ್ಯೂ’ ಎಂದು ಕೇಳಬೇಕು. ಆ ತಂಡಗಳವರು ಬಹುತೇಕ ಸ್ವಯಂಸೇವಕರು, ಹಣ ಕೇಳುವುದಿಲ್ಲ. ಎಷ್ಟು ಬಿಲ್ ಬರುವುದೋ ಎಂದು ಹೆದರಿ ಕರೆ ತಡಮಾಡುವ ಕಾರಣವಿಲ್ಲ. ಮಾತಾಡಲು ಸಿಗ್ನಲ್ ಸಾಲದ ಕಡೆಯೂ ಎಸ್ಸೆಮ್ಮೆಸ್ ಹೋಗಬಹುದು. ಇದಕ್ಕಾಗಿ ಊರಿನಲ್ಲಿದ್ದಾಗಲೇ ‘ರಿಜಿಸ್ಟರ್’ ಎಂಬ ಪದವನ್ನು ಇಂಗ್ಲಿಷಿನಲ್ಲಿ 999ಕ್ಕೆ ಕಳಿಸಿ ನೋಂದಾಯಿಸಿಕೊಂಡಿರಬೇಕು. ಎರಡು ನಿಮಿಷದ ಕೆಲಸ.

ಇನ್ನು ಒಂದು ಹಾಳೆಯ ಮಾತು. ಹೊರಡುವ ಮುನ್ನ ಎಲ್ಲಿಗೆ, ಯಾವ ದಾರಿ, ಯಾರ್ಯಾರು, ಎಷ್ಟು ಹೊತ್ತಿಗೆ ವಾಪಸ್, ಯಾವಾಗಿನವರೆಗೆ ಸುದ್ದಿ ಬಾರದಿದ್ದರೆ ಪೊಲೀಸರಿಗೆ ಹೇಳಬೇಕು ಎಂಬುದನ್ನು ಬರೆದು ಜೊತೆಗೆ ಬಾರದ ರೂಮ್‌ಮೇಟ್ ಕೈಗೆ ಕೊಡುವುದು ಅಲ್ಲಿಯ ಬೆಟ್ಟ ಹತ್ತುವವರ ಹಳೆಯ ರೂಢಿ. ಅದರ ಒಂದು ಪ್ರತಿ ಮನೆಗೂ ಬರಬಹುದು. ಭಾನುವಾರ ರಾತ್ರಿ ಅಲ್ಲಿ ಒಂಬತ್ತೂವರೆಗೆ ರೈಲಿಳಿದು ‘ಮುಟ್ಟಿದ್ವಿ’ ಎಂದು ಮೆಸೇಜು ಹಾಕುವಾಗ ದಾವಣಗೆರೆಯಲ್ಲಿ ಬೇಸಿಗೆಯಾದರೆ ಎರಡು ಗಂಟೆ, ಚಳಿಗಾಲವಾದರೆ ಮೂರು. ಅಮ್ಮ ಎದ್ದೇ ಇರುತ್ತಾಳೆ.