ಕಣ್ಣಿನ ಹನಿಯ ಬಾಟಲಿಗೆ ಒಂದೇ ತಿಂಗಳ ಆಯುಷ್ಯ



ಸೋಯಾ ರಾಶಿಯ ದಿನಗಳು. ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ಔರಾದ ಶಹಾಜನಿಯ ಕಡೆಯ ಒಬ್ಬ ಹಿರಿಯ ತಾಯಿ ಸೆರಗಿನ ಗಂಟು ಬಿಚ್ಚಿ ಮೂರು ಪುಟ್ಟ ಬಾಟಲಿಗಳನ್ನು ನಮ್ಮ ಮುಂದಿಟ್ಟರು. "ಫಾದರ್, ಮಗನ ಕಣ್ಣಾಗ ಹೊಟ್ಟು ಬಿದ್ದದ. ಇದರಾಗ ಯಾವುದು ಹಾಕಲಿ, ನೋಡ್ರಿ" ಎಂದರು. ಒಂದು ಅವರ ಯಜಮಾನರ ಕಣ್ಣಿನ ಪೊರೆ ತೆಗೆಸಿದಾಗ ಕೊಟ್ಟದ್ದು, ಇನ್ನೊಂದು ಮೊಮ್ಮಗಳಿಗೆ ಕಣ್ಣು ಬಂದಾಗ ತಂದದ್ದು, ಮೂರನೆಯದರ ಚೀಟಿ ಅಳಿಸಿಹೋಗಿತ್ತು. ಮೂರೂ ಬೇಡ, ಹುಡುಗನನ್ನು ಇವತ್ತೇ ಉದಗೀರಕ್ಕೆ ಕಣ್ಣಿನ ವೈದ್ಯರಲ್ಲಿಗೆ ಕಳಿಸಿ ಎಂದೆವು. ಆ ತಾಯಿಗೆ ಸಮಾಧಾನವಾಗಲಿಲ್ಲ. "ತಾರೀಖು ಇನ್ನೂ ಮುಗಿದಿಲ್ಲಲ್ರಿ" ಎಂದು ಒಂದು ಬಾಟಲಿಯನ್ನು ತಿರುಗಿಸಿ ತೋರಿಸಿದರು.

ಪ್ರಶ್ನೆ ನ್ಯಾಯವಾದದ್ದೇ. ಬಾಟಲಿಯ ಮೇಲೆ ಅಚ್ಚಾದ ತಾರೀಖು ಮುಚ್ಚಳ ಒಡೆಯದ ಬಾಟಲಿಗೆ ಸಲ್ಲುತ್ತದೆ. ಒಡೆದ ಮೇಲೆ ಬೇರೆ ಲೆಕ್ಕ. ಸಾಮಾನ್ಯವಾಗಿ ಒಂದು ತಿಂಗಳು, ಕೆಲವಕ್ಕೆ ಅದಕ್ಕಿಂತಲೂ ಕಡಿಮೆ. ಇದು ಏಕೆಂದು ತಿಳಿಯಲು ಉಪ್ಪಿನಕಾಯಿಯ ಭರಣಿಯನ್ನು ನೆನೆಯಿರಿ. ಉಪ್ಪು, ಎಣ್ಣೆ ಇರುವ ತನಕ ಅದು ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ದಿನಕ್ಕೆ ನಾಲ್ಕು ಸಲ ಹಸಿ ಚಮಚ ಅದ್ದಿದರೆ ಎಷ್ಟೇ ಉಪ್ಪಿದ್ದರೂ ಒಂದು ದಿನ ಬೂಷ್ಟು ಹಿಡಿಯುತ್ತದೆ.

ಕಣ್ಣಿನ ಹನಿಯಲ್ಲಿಯೂ ಅಂತಹ ಒಂದು ಉಪ್ಪು ಇರುತ್ತದೆ. ಅದಕ್ಕೆ ಸಂರಕ್ಷಕ ಎನ್ನುತ್ತಾರೆ. ಹೆಚ್ಚಿನ ಬಾಟಲಿಗಳಲ್ಲಿ ಇರುವುದು ಬೆಂಜಾಲ್ಕೋನಿಯಂ ಕ್ಲೋರೈಡ್. ಪ್ರಮಾಣ ಸಾಮಾನ್ಯವಾಗಿ ನೂರಕ್ಕೆ 0.01 ಭಾಗ, ಅಂದರೆ 10 ಲೀಟರ್ ದ್ರವಕ್ಕೆ ಒಂದೇ ಒಂದು ಗ್ರಾಂ. ಇಷ್ಟು ಅಲ್ಪವಾದರೂ ಅದು ರೋಗಾಣುವಿನ ಹೊರಪದರವನ್ನು ಹರಿದು ಕೊಲ್ಲುತ್ತದೆ. ಗಮನಿಸಿ, ಅದು ಬಾಟಲಿಯ ಕಾವಲುಗಾರನೇ ಹೊರತು ಕಣ್ಣಿನ ರೋಗದ ಮದ್ದಲ್ಲ. ಬಾಟಲಿಯ ಮೂತಿ ರೆಪ್ಪೆಗೆ ತಾಗಿದಾಗ, ಒಂದೇ ಬಾಟಲಿಯನ್ನು ಮನೆಮಂದಿಯೆಲ್ಲ ಹಾಕಿಕೊಂಡಾಗ ಈ ಕಾವಲುಗಾರನ ಶಕ್ತಿ ಮೀರಿದ ಶತ್ರುಗಳು ಒಳಗೆ ಸೇರುತ್ತವೆ. ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸಗಳಿಗಂತೂ ಕಾವಲೇ ಇಲ್ಲ.

ಕಾವಲು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರದ ಉದಾಹರಣೆ ಬೇಕಿಲ್ಲ. ಚೆನ್ನೈನ ಒಂದು ಕಾರ್ಖಾನೆಯಲ್ಲಿ ತಯಾರಾಗಿ ಅಮೆರಿಕಕ್ಕೆ ಹೋದ ಕೃತಕ ಕಣ್ಣೀರಿನ ಬಾಟಲಿಗಳನ್ನು 2023ರ ಫೆಬ್ರವರಿಯಲ್ಲಿ ಹಿಂದಕ್ಕೆ ಪಡೆಯಲಾಯಿತು. ಮತ್ತೆ ಮತ್ತೆ ಬಳಸುವ ಬಾಟಲಿಯಲ್ಲಿ ತಕ್ಕ ಸಂರಕ್ಷಕವೇ ಇರಲಿಲ್ಲ ಎಂದು ಅಲ್ಲಿನ ಔಷಧಿ ಇಲಾಖೆ ಹೇಳಿತು. ಯಾವ ಔಷಧಿಗೂ ಸುಲಭವಾಗಿ ಬಗ್ಗದ ಸ್ಯೂಡೋಮೋನಾಸ್ ಎಂಬ ರೋಗಾಣು 18 ರಾಜ್ಯಗಳ 81 ಜನರಿಗೆ ಅಂಟಿತು. 14 ಜನ ದೃಷ್ಟಿ ಕಳೆದುಕೊಂಡರು, ನಾಲ್ವರ ಕಣ್ಣುಗುಡ್ಡೆಯನ್ನೇ ತೆಗೆಯಬೇಕಾಯಿತು, ನಾಲ್ವರು ತೀರಿಕೊಂಡರು.

ಹಾಗಾದರೆ ಸಂರಕ್ಷಕವನ್ನು ಇನ್ನಷ್ಟು ಸುರಿದರಾಯಿತಲ್ಲ ಎಂದು ಯಾರಾದರೂ ಕೇಳಬಹುದು. ಆಗದು. ರೋಗಾಣುವನ್ನು ಹರಿಯುವ ವಸ್ತು ಕಣ್ಣಿನ ಮೇಲ್ಪದರವನ್ನೂ ಸ್ವಲ್ಪ ಹರಿಯುತ್ತದೆ. ಗ್ಲಾಕೋಮಾ ರೋಗಕ್ಕೆ ವರ್ಷಗಟ್ಟಲೆ ಹನಿ ಹಾಕುವವರ ಕಣ್ಣು ಒಣಗಿ ಉರಿಯುವುದಕ್ಕೆ ಇದೂ ಒಂದು ಕಾರಣ. ಅಂಥವರು ವೈದ್ಯರನ್ನು ಕೇಳಿದರೆ ಸಂರಕ್ಷಕವಿಲ್ಲದ, ಒಂದು ಸಲಕ್ಕೇ ಮುಗಿಯುವ ಪುಟ್ಟ ಕೊಳವೆಗಳು ಸಿಗುತ್ತವೆ. ಕಣ್ಣಿನ ಒಳಗೆ ಹಾಕುವ ದ್ರವಗಳಲ್ಲಿ ಅದು ಇರಲೇಬಾರದು, ಒಳಪದರ ಬಲು ಸೂಕ್ಷ್ಮ. ಆದುದರಿಂದ ಅಲ್ಲಿ ತಯಾರಿಕೆಯ ಶುದ್ಧಿಯೊಂದೇ ರಕ್ಷೆ. 2019ರ ಜುಲೈನಲ್ಲಿ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಲ್ಲಿ ಪೊರೆ ತೆಗೆಸಿಕೊಂಡ ಇಪ್ಪತ್ತಕ್ಕೂ ಹೆಚ್ಚು ಜನರ ಕಣ್ಣಿಗೆ ಸೋಂಕು ತಗುಲಿ ಹಲವರ ದೃಷ್ಟಿ ಹೋದಾಗ ಶಂಕೆ ಬಿದ್ದದ್ದು ಬಳಸಿದ ದ್ರವದ ಮೇಲೆಯೇ.

ಇನ್ನು ನಮ್ಮ ಹೊಲದ ಮಾತು. ತೊಗರಿಗೆ ನೆಟೆ ರೋಗ ಹಚ್ಚಿ, ನಿಂತ ಗಿಡವನ್ನೇ ಒಣಗಿಸುವ ಬೂಷ್ಟು ನಿಮಗೆಲ್ಲ ಗೊತ್ತು. ಅದರ ಹೆಸರು ಫ್ಯುಸೇರಿಯಂ. ಅದೇ ಕುಲದ ಬೇರೆ ಬೂಷ್ಟುಗಳು ಮನುಷ್ಯನ ಕಣ್ಣನ್ನೂ ತಿನ್ನುತ್ತವೆ. ಕಬ್ಬಿನ ಗರಿ ಗೀರಿದಾಗ, ಜೋಳದ ಸುಂಕ, ಸೋಯಾ ಹೊಟ್ಟು ಸಿಡಿದಾಗ ಆ ಗಾಯದಲ್ಲಿ ಬೂಷ್ಟು ಬೇರು ಬಿಡುತ್ತದೆ. ಎರಡು ಮೂರು ದಿನ ಏನೂ ಇಲ್ಲವೆಂಬಂತೆ ಇದ್ದು, ಆಮೇಲೆ ಕಪ್ಪು ಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಾಣುತ್ತದೆ. ಮಾಮೂಲಿ ರೋಗಾಣುನಾಶಕ ಹನಿಗಳು ಬೂಷ್ಟನ್ನು ಕೊಲ್ಲುವುದಿಲ್ಲ. ಸ್ಟೀರಾಯ್ಡ್ ಬೆರೆತ ಹನಿ ಕಣ್ಣಿನ ಕೆಂಪನ್ನು ಮಾತ್ರ ಇಳಿಸಿ ಬೂಷ್ಟಿಗೆ ಗೊಬ್ಬರ ಹಾಕಿದಂತೆ ಮಾಡುತ್ತದೆ. ಪೊರೆ ತೆಗೆಸಿದವರಿಗೆ ಕೊಡುವ ಹನಿಯಲ್ಲಿ ಸ್ಟೀರಾಯ್ಡ್ ಇರುವುದು ರೂಢಿ. ಆ ತಾಯಿಯ ಮೊದಲ ಬಾಟಲಿಯನ್ನು ಕಂಡು ನಮ್ಮ ಎದೆ ಝಲ್ಲೆಂದದ್ದು ಇದಕ್ಕೇ.

ಕಾಲೇಜಿಗೆ ಲಾತೂರಿಗೋ ಸೊಲ್ಲಾಪುರಕ್ಕೋ ಹೋದ ನಮ್ಮ ಮಕ್ಕಳಲ್ಲಿ ಕೆಲವರು ಈಗ ಕನ್ನಡಕ ಬಿಟ್ಟು ಕಣ್ಣಿನೊಳಗಿಡುವ ಲೆನ್ಸ್ ಹಾಕುತ್ತಾರೆ. ಅದನ್ನು ನೆನೆಸುವ ದ್ರವದಲ್ಲಿಯೂ ಸಂರಕ್ಷಕವಿದೆ. ಮೃದು ಲೆನ್ಸ್ ಬೆಂಜಾಲ್ಕೋನಿಯಂ ಅನ್ನು ಹೀರಿಕೊಂಡು ದಿನವಿಡೀ ಕಣ್ಣಿಗೆ ಬಿಡುವುದರಿಂದ ಅಲ್ಲಿ ಬೇರೆ ವಸ್ತುಗಳನ್ನು ಬಳಸುತ್ತಾರೆ. ಲೆನ್ಸ್ ಹಾಕುವವರು ಕಣ್ಣಿನ ಹನಿ ಬಿಟ್ಟರೆ, ವೈದ್ಯರು ಬೇರೆ ಹೇಳದ ಹೊರತು, ಲೆನ್ಸ್ ತೆಗೆದು ಹಾಕಿ ಹದಿನೈದು ನಿಮಿಷ ಕಾಯಬೇಕು. ಡಬ್ಬಿಯಲ್ಲಿ ಉಳಿದ ಹಳೆಯ ದ್ರವಕ್ಕೆ ಹೊಸದನ್ನು ಸುರಿದು ಬಳಸಬಾರದು. 2005-06ರಲ್ಲಿ ಸಿಂಗಾಪುರ, ಅಮೆರಿಕಗಳಲ್ಲಿ ಲೆನ್ಸ್ ಹಾಕುವವರ ಕಣ್ಣಿಗೆ ಇದೇ ಫ್ಯುಸೇರಿಯಂ ಹಬ್ಬಿ, ಹೆಸರಾಂತ ಒಂದು ದ್ರವವನ್ನು 2006ರ ಮೇ ತಿಂಗಳಲ್ಲಿ ಜಗತ್ತಿನ ಮಾರುಕಟ್ಟೆಯಿಂದಲೇ ತೆಗೆಯಲಾಯಿತು.

ಬಾವಿ, ಕೊಳವೆಬಾವಿ, ತೇರಣಾ ನದಿ, ಯಾವ ನೀರಿನಿಂದಲೂ ಲೆನ್ಸ್ ತೊಳೆಯಬೇಡಿ. ಅಂತಹ ನೀರಿನಲ್ಲಿ ಅಕಾಂತಮೀಬಾ ಎಂಬ ಜೀವಿ ಇರಬಹುದು, ಅದು ಕವಚ ಹೊದ್ದು ಕುಳಿತರೆ ಸಂರಕ್ಷಕಕ್ಕೂ ಜಗ್ಗುವುದಿಲ್ಲ. ಪಶ್ಚಿಮದ ದೇಶಗಳಲ್ಲಿ ಈ ಸೋಂಕು ಹೆಚ್ಚಾಗಿ ಲೆನ್ಸ್ ಹಾಕುವವರಿಗೆ ಬಂದರೆ, ನಮ್ಮ ದೇಶದಲ್ಲಿ ಲೆನ್ಸ್ ಕಂಡೇ ಇರದ, ಕಣ್ಣಿಗೆ ಮಣ್ಣು, ಕೊಳೆನೀರು ಬಿದ್ದ ದುಡಿಯುವ ಜನರಿಗೇ ಹೆಚ್ಚು.

ಹನಿ ಹಾಕುವಾಗ ಕೈ ತೊಳೆದು, ಕೆಳರೆಪ್ಪೆ ಎಳೆದು, ಮೂತಿ ತಾಗದಂತೆ ಒಂದೇ ಹನಿ ಬಿಡಿ. ಒಂದು ಹನಿಯನ್ನೇ ಕಣ್ಣು ಪೂರ್ತಿ ಹಿಡಿದುಕೊಳ್ಳಲಾರದು, ಎರಡನೆಯದು ಕೆನ್ನೆಗೆ. ಬಾಟಲಿ ಒಡೆದ ದಿನವನ್ನು ಅದರ ಮೇಲೆಯೇ ಪೆನ್ನಿನಿಂದ ಬರೆಯಿರಿ. ಇದನ್ನು ಬರೆಯುವ ಮುನ್ನ ನಮ್ಮ ಕಪಾಟನ್ನೂ ನೋಡಿದೆವು, ಹೋದ ವರ್ಷದ ಒಂದು ಬಾಟಲಿ ಅಲ್ಲಿ ಕುಳಿತಿತ್ತು. ಕಣ್ಣಿಗೆ ಹೊಟ್ಟು ಬಿದ್ದರೆ ಉಜ್ಜದೆ, ಕುದಿಸಿ ಆರಿಸಿದ ನೀರಿನಿಂದ ತೊಳೆಯಿರಿ. ನೋವು, ಕೆಂಪು, ಮಬ್ಬು ಉಳಿದರೆ ಅದೇ ದಿನ ಕಣ್ಣಿನ ದವಾಖಾನೆಗೆ ಹೋಗಿ. ಮನೆಯಲ್ಲಿ ಏನಾದರೂ ಹಾಕಿದ್ದರೆ ಆ ಬಾಟಲಿಯನ್ನೂ ಜೊತೆಗೆ ಒಯ್ಯಿರಿ, ವೈದ್ಯರು ಬೈಯ್ದರೂ ಸರಿ.