ರೋಟರಿ ಎಂಜಿನಿನ ಹೊಗೆಯೂ ಟರ್ಬೈನಿನ ಚಕ್ರವೂ

ಮಂಗಳೂರಿನಿಂದ ಮೂಡುಬಿದಿರೆಗೆ ಹೋಗುವ ಹೆದ್ದಾರಿಯು ತೋಡಾರನ್ನು ಹಾದು ಸಾಗುತ್ತದೆ. ಭಾರ ಹೊತ್ತ ಲಾರಿಯೊಂದು ಈ ದಾರಿಯ ಏರುಗಳನ್ನು ಹತ್ತುವಾಗ ಕಿವಿಗೊಟ್ಟವರಿಗೆ ಎಂಜಿನಿನ ಗುಡುಗಿನ ಮೇಲೆ ತೆಳುವಾದ ಸಿಳ್ಳೊಂದು ಕೇಳಿಬರುತ್ತದೆ. ಅದು ಟರ್ಬೋಚಾರ್ಜರಿನ ಸದ್ದು. ಎಂಜಿನು ಹೊರಕ್ಕೆ ಬಿಸುಡುವ ಬಿಸಿ ಅನಿಲವು ಪುಟ್ಟ ಟರ್ಬೈನೊಂದನ್ನು ತಿರುಗಿಸುತ್ತದೆ. ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರವು ಹೊರಗಿನ ಗಾಳಿಯನ್ನು ಒತ್ತಿ ಎಂಜಿನಿನೊಳಕ್ಕೆ ತುಂಬುತ್ತದೆ. ಗಾಳಿ ಹೆಚ್ಚಿದಷ್ಟೂ ಹೆಚ್ಚು ಇಂಧನವನ್ನು ಉರಿಸಬಹುದು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿಯು ಈ ಉಪಾಯಕ್ಕೆ 1905ರಲ್ಲಿಯೇ ಪೇಟೆಂಟು ಪಡೆದಿದ್ದನು.

ಇದರಲ್ಲಿ ಒಂದು ತೊಡಕು ಅಡಗಿದೆ. ಟರ್ಬೈನಿಗೆ ಬೇಕಾದುದು ಒಂದೇ ಸಮನಾದ ಹರಿವು. ಎಂಜಿನು ಕೊಡುವುದಾದರೋ ಬಿಟ್ಟುಬಿಟ್ಟು ಬರುವ ಹೊಡೆತಗಳನ್ನು. ಈ ತೊಡಕು ಅತಿ ತೀವ್ರವಾಗಿ ಕಾಣಿಸಿಕೊಳ್ಳುವುದು ರೋಟರಿ ಎಂಜಿನಿನಲ್ಲಿ.

ರೋಟರಿ ಎಂಜಿನು ಜರ್ಮನಿಯ ಫೆಲಿಕ್ಸ್ ವ್ಯಾಂಕೆಲನ ಕಲ್ಪನೆ. ಎನ್‌.ಎಸ್‌.ಯು. ಕಂಪನಿಯಲ್ಲಿ ಇದರ ಮೊದಲ ಮಾದರಿಯು 1957ರಲ್ಲಿ ಓಡಿತು. ಇದರಲ್ಲಿ ಮೇಲೆ ಕೆಳಗೆ ಆಡುವ ಪಿಸ್ಟನ್ ಇಲ್ಲ. ನಡು ತುಸು ಒತ್ತಿದ ಅಂಡಾಕಾರದ ಗೂಡಿನೊಳಗೆ, ಬದಿಗಳು ಉಬ್ಬಿದ ತ್ರಿಕೋನದಂಥ ರೋಟರು ತಿರುಗುತ್ತದೆ. ಅದರ ಮೂರು ಮುಖಗಳೂ ಗೂಡಿನ ಗೋಡೆಯೂ ಸೇರಿ ಮೂರು ಕೋಣೆಗಳಾಗುತ್ತವೆ. ರೋಟರು ಒಂದು ಸುತ್ತು ಬರುವಷ್ಟರಲ್ಲಿ ಎಂಜಿನಿನ ದಂಡವು ಮೂರು ಸುತ್ತು ಬಂದಿರುತ್ತದೆ. ಹೀಗಾಗಿ ದಂಡದ ಪ್ರತಿ ಸುತ್ತಿಗೂ ಒಂದೊಂದು ಕೋಣೆಯ ಹೊಗೆ ಹೊರಬೀಳುತ್ತದೆ. ನಿಮಿಷಕ್ಕೆ 6000 ಸುತ್ತಿನ ವೇಗದಲ್ಲಿ ಸೆಕೆಂಡಿಗೆ 100 ಹೊಡೆತ!

ಹಗುರವಾಗಿರುವುದೂ ಅದುರದೆ ಓಡುವುದೂ ಈ ಎಂಜಿನಿನ ದೊಡ್ಡ ಗುಣಗಳು. ಅದರಿಂದಲೇ ಇದು ನಮ್ಮ ನಾಡಿಗೂ ಬಂದಿತು. 2009ರ ಏಪ್ರಿಲ್ 5ರಂದು, ಕೋಲಾರದಲ್ಲಿ ಎರಡನೆಯ ಮಹಾಯುದ್ಧದ ಕಾಲದ ಹಳೆಯ ಓಡುಪಟ್ಟಿಯಿಂದ, 'ನಿಶಾಂತ್' ಎಂಬ ಚಾಲಕರಹಿತ ವಿಮಾನವು ಭಾರತದಲ್ಲಿಯೇ ತಯಾರಾದ ವ್ಯಾಂಕೆಲ್ ಎಂಜಿನಿನೊಡನೆ ಮೊದಲ ಬಾರಿಗೆ ಹಾರಿತು. ಬೆಂಗಳೂರಿನ ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯ, ಅದೇ ಊರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆ, ಅಹಮದ್‌ನಗರದ ವಾಹನ ಸಂಶೋಧನಾ ಸಂಸ್ಥೆ ಈ ಮೂರೂ ಕೂಡಿ ಅದನ್ನು ಸಿದ್ಧಪಡಿಸಿದ್ದವು. ತೂಕ ಸುಮಾರು 30 ಕಿಲೋಗ್ರಾಂ. ಶಕ್ತಿ 55 ಅಶ್ವಶಕ್ತಿ. ವಿಮಾನವು ಅಂದು 1.8 ಕಿಲೋಮೀಟರ್ ಎತ್ತರಕ್ಕೆ ಏರಿತು.

ಇಂಥ ವಿಮಾನವನ್ನು ಹಿಮಾಲಯದ ಕಣಿವೆಗಳ ಮೇಲೆ ಹಾರಿಸಬೇಕಾದರೆ? ಐದೂವರೆ ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡವು ಸಮುದ್ರಮಟ್ಟದಲ್ಲಿರುವುದರ ಅರ್ಧದಷ್ಟೇ. ಉಸಿರಿಗೆ ಗಾಳಿ ಸಾಲದ ಎಂಜಿನು ತನ್ನ ಬಲದಲ್ಲಿ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಅಲ್ಲಿ ಟರ್ಬೋಚಾರ್ಜರು ಬೆಡಗಿನ ವಸ್ತುವಲ್ಲ. ವಿಮಾನವು ಎತ್ತರದಲ್ಲಿ ನಿಲ್ಲುವುದೇ ಅದರಿಂದ.

ಈಗ ಹೊಡೆತದ ವಿಚಾರಕ್ಕೆ ಬರೋಣ. ಸಾಮಾನ್ಯ ಎಂಜಿನಿನಲ್ಲಿ ಹೊಗೆಯ ದ್ವಾರವನ್ನು ಕವಾಟವು ಮೆಲ್ಲನೆ ತೆರೆಯುತ್ತದೆ. ಹಳೆಯ ಬಗೆಯ ರೋಟರಿಯಲ್ಲಿ ದ್ವಾರವಿರುವುದು ಗೂಡಿನ ಸುತ್ತುಗೋಡೆಯಲ್ಲಿ. ರೋಟರಿನ ಮೂಲೆಯು ಅದನ್ನು ದಾಟಿದೊಡನೆ ದ್ವಾರವು ಥಟ್ಟನೆ ಬಯಲಾಗುತ್ತದೆ; ಒತ್ತಡದಲ್ಲಿದ್ದ ಅನಿಲವು ಸಿಡಿದು ಹೊರಬೀಳುತ್ತದೆ. ಕೋಣೆಯು ಉದ್ದವಾಗಿಯೂ ತೆಳುವಾಗಿಯೂ ಇರುವುದರಿಂದ ಉರಿಯು ತಡವಾಗಿ ಮುಗಿಯುತ್ತದೆ, ಹೊಗೆಯ ಬಿಸಿಯೂ ಹೆಚ್ಚು.

ಟರ್ಬೈನಿನ ಅಲಗುಗಳನ್ನು ಒಂದು ನಿರ್ದಿಷ್ಟ ವೇಗದ ಹರಿವಿಗೆ ಹೊಂದುವಂತೆ ಬಾಗಿಸಿರುತ್ತಾರೆ. ಅಲಗಿನ ತುದಿಯ ವೇಗವು ಅನಿಲದ ವೇಗದ ಸುಮಾರು ಹತ್ತರಲ್ಲಿ ಏಳು ಪಾಲಿದ್ದಾಗ ಈ ಜಾತಿಯ ಟರ್ಬೈನು ಚೆನ್ನಾಗಿ ಕೆಲಸಮಾಡುತ್ತದೆ. ನಿಮಿಷಕ್ಕೆ ಒಂದು ಲಕ್ಷ ಸುತ್ತು ತಿರುಗುವ ಚಕ್ರವು ಎರಡು ಹೊಡೆತಗಳ ನಡುವೆ ಹದಿನಾರು ಹದಿನೇಳು ಬಾರಿ ತಿರುಗಿರುತ್ತದೆ. ಅಷ್ಟರಲ್ಲಿ ಅದರ ವೇಗವು ಹೆಚ್ಚುಕಡಿಮೆಯಾಗದು. ಆದರೆ ಅನಿಲದ ವೇಗವು ಏರಿ ಇಳಿದಿರುತ್ತದೆ. ಹೊಡೆತದ ತುದಿಯಲ್ಲಿ ಅನಿಲವು ಅಲಗನ್ನು ಓರೆಯಾಗಿ ಬಡಿಯುತ್ತದೆ, ಇಳಿತದಲ್ಲಿ ಅಲಗೇ ಅನಿಲವನ್ನು ಕಡೆಯುತ್ತದೆ. ಎರಡರಲ್ಲಿಯೂ ನಷ್ಟ. ಸಾಲದುದಕ್ಕೆ, ಕೆಂಪಗೆ ಕಾದ ಲೋಹವು ಎಡೆಬಿಡದ ಬಡಿತದಿಂದ ದಣಿದು ಬಿರುಕುಬಿಡಬಹುದು.

ಹಾಗಾದರೆ ಹರಿವನ್ನು ಸಮಗೊಳಿಸುವುದು ಹೇಗೆ? ಹಾರ್ಮೋನಿಯಮ್ಮನ್ನು ನೋಡಿರಿ. ಕೈಯಿಂದ ಒತ್ತುವ ಹಿಂದಿನ ತಿದಿಯು ಗಾಳಿಯನ್ನು ಬಿಟ್ಟುಬಿಟ್ಟು ನೂಕುತ್ತದೆ. ಒಳಗಿರುವ ಎರಡನೆಯ ತಿದಿಯು ಅದನ್ನು ಕೂಡಿಸಿಟ್ಟುಕೊಂಡು ಸ್ಪ್ರಿಂಗಿನ ಬಲದಿಂದ ಒಂದೇ ಸಮನೆ ನಾದಪಟ್ಟಿಗಳಿಗೆ ಕೊಡುತ್ತದೆ. ಎಂಜಿನಿಗೂ ಟರ್ಬೈನಿಗೂ ನಡುವೆ ಇಂಥದೊಂದು ಭರಣಿಯನ್ನು ಇಟ್ಟರೆ ಆಯಿತಲ್ಲ!

ಲೆಕ್ಕ ಹಾಕೋಣ. ಜಪಾನಿನ ಮಾಜ್ದಾ ಕಂಪನಿಯ ಪ್ರಸಿದ್ಧ 13ಬಿ ಎಂಜಿನಿನ ಒಂದು ಕೋಣೆಯ ಗಾತ್ರ 654 ಘನ ಸೆಂಟಿಮೀಟರು. 27 ಡಿಗ್ರಿಯಲ್ಲಿ ಒಳಹೊಕ್ಕ ಅನಿಲವು 927 ಡಿಗ್ರಿಯಲ್ಲಿ ಹೊರಬಂದರೆ, ನಿರಪೇಕ್ಷ ಉಷ್ಣತೆಯು 300ರಿಂದ 1200ಕ್ಕೆ ಏರಿದಂತಾಯಿತು. ಅದೇ ಒತ್ತಡದಲ್ಲಿ ಗಾತ್ರವು ನಾಲ್ಕು ಪಟ್ಟು, ಎಂದರೆ 2.6 ಲೀಟರು. ಒಂದು ಹೊಡೆತದಿಂದ ಭರಣಿಯ ಒತ್ತಡವು ಸುಮಾರು ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಅಲುಗಬಾರದೆಂದರೆ ಅದು 26 ಲೀಟರು ಹಿಡಿಯಬೇಕು, ಸರಿಸುಮಾರು ಎರಡು ಕೊಡದಷ್ಟು. ಕೆಂಪಗೆ ಕಾದ ಎರಡು ಕೊಡಗಳನ್ನು ಕಾರಿನಲ್ಲಿ ಎಲ್ಲಿ ಇಡುವುದು? 30 ಕಿಲೋಗ್ರಾಂ ತೂಕದ ವಿಮಾನದ ಎಂಜಿನಿಗೆ ಇದಕ್ಕಿಂತ ಸಣ್ಣ ಭರಣಿಯೂ ಹೊರೆಯೇ. ಚಾಲಕನು ವೇಗವನ್ನು ಬಯಸಿದಾಗ ಭರಣಿ ತುಂಬುವ ತನಕ ಕಾಯಬೇಕು. ಅದರ ಗೋಡೆಗಳಿಂದ ಶಾಖವೂ ಸೋರುತ್ತದೆ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಹರಿಯುವ ಅನಿಲವು ಒಯ್ಯುವ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿರುತ್ತದೆ. ಅರ್ಧ ಕಾಲ 2ರ ವೇಗದಿಂದ ಹರಿದು ಉಳಿದರ್ಧ ನಿಂತ ಹರಿವೂ, ಸದಾ 1ರ ವೇಗದಿಂದ ಹರಿಯುವ ಹರಿವೂ ಸಾಗಿಸುವ ಅನಿಲದ ಮೊತ್ತ ಒಂದೇ. ಆದರೆ ಮೊದಲನೆಯದರ ಸರಾಸರಿ ಶಕ್ತಿ 8ರ ಅರ್ಧ, ಎಂದರೆ 4, ಎರಡನೆಯದರದು 1. ನಿಜವಾದ ಎಂಜಿನಿನಲ್ಲಿ ಅಂತರವು ಇಷ್ಟಿಲ್ಲವಾದರೂ ನ್ಯಾಯ ಅದೇ. ಹೊಡೆತವನ್ನು ಪೂರ್ತಿ ಅಳಿಸಿದವನು ಅದರ ಬಲವನ್ನೂ ಅಳಿಸಿದಂತೆ.

ಆದುದರಿಂದ ಎಂಜಿನಿಯರರು ಕಮ್ಮಾರನ ಹಾದಿಯನ್ನು ಹಿಡಿದರು. ಕುಲುಮೆಗೆ ಜೋಡಿ ತಿದಿಗಳನ್ನು ಕಟ್ಟಿ ಒಂದನ್ನು ಒತ್ತುವಾಗ ಇನ್ನೊಂದನ್ನು ಎತ್ತಿದರೆ ಗಾಳಿಯು ಕಡಿಯುವುದಿಲ್ಲ. ಎರಡು ರೋಟರುಗಳ ಎಂಜಿನಿನಲ್ಲಿ ಹೊಡೆತಗಳು ಅರ್ಧ ಸುತ್ತಿನ ಅಂತರದಲ್ಲಿ ಬರುತ್ತವೆ. ಆದರೆ ಎರಡು ಕೊಳವೆಗಳನ್ನೂ ಕಂಡಲ್ಲಿ ಕೂಡಿಸಿದರೆ ಒಂದರ ಹೊಡೆತವು ಇನ್ನೊಂದರ ಬಾಯಿಗೆ ಹಿಮ್ಮೆಟ್ಟಿ ನುಗ್ಗುತ್ತದೆ. ಸುಟ್ಟ ಹೊಗೆಯು ಹೊಸ ಗಾಳಿಯೊಡನೆ ಬೆರೆಯುತ್ತದೆ. ಕೊಳವೆಗಳನ್ನು ಟರ್ಬೈನಿನ ಬಾಗಿಲ ತನಕ ಬೇರೆಯಾಗಿಯೇ ಒಯ್ದು, ಶಂಖದಂಥ ಅದರ ಗೂಡನ್ನೂ ನಡುಗೋಡೆಯಿಂದ ಇಬ್ಭಾಗ ಮಾಡಿದರೆ, ಹೊಡೆತಗಳು ಒಂದಾದ ಮೇಲೊಂದರಂತೆ ಚಕ್ರವನ್ನು ಮುಟ್ಟುತ್ತವೆ. ಮಾಜ್ದಾ ಕಂಪನಿಯು ಆರ್‌ಎಕ್ಸ್-7 ಕಾರಿನಲ್ಲಿ 1985ರಲ್ಲಿ ಒಂದು ಜಟಿಲ ಕವಾಟವನ್ನು ಬಳಸಿತ್ತು. ಅನಂತರ 1989ರ ಹೊತ್ತಿಗೆ ಅದನ್ನು ಕೈಬಿಟ್ಟು ಈ ಸರಳ ವಿಭಜನೆಗೆ ಬಂದಿತು. 1990ರ ಮೂರು ರೋಟರುಗಳ ಎಂಜಿನಿನಲ್ಲಿ ಹೊಡೆತಗಳು 120 ಡಿಗ್ರಿಗೊಂದರಂತೆ ಬಂದು ತಾವಾಗಿಯೇ ಹರಿವನ್ನು ತುಂಬಿದವು.

ಇದೇನೂ ಹೊಸ ತಿಳಿವಲ್ಲ. 1954ರಿಂದ ಏರ್ ಇಂಡಿಯಾ ಹಾರಿಸಿದ ಸೂಪರ್ ಕಾನ್‌ಸ್ಟೆಲೇಶನ್ ವಿಮಾನಗಳ ರೈಟ್ ಎಂಜಿನಿನಲ್ಲಿ 18 ಸಿಲಿಂಡರುಗಳಿದ್ದವು; ಆರಾರು ಸಿಲಿಂಡರುಗಳ ಹೊಗೆಯು ಒಂದೊಂದು ಟರ್ಬೈನಿಗೆ ಹೋಗುತ್ತಿತ್ತು. ಅವುಗಳ ಹೆಸರು 'ಶಕ್ತಿ ಮರಳಿಸುವ ಟರ್ಬೈನು'. ಸುಟ್ಟ ಕವಾಟಗಳಿಂದ ಬೇಸತ್ತ ಮೆಕ್ಯಾನಿಕರು 'ಬಿಡಿಭಾಗ ಮರಳಿಸುವ ಟರ್ಬೈನು' ಎಂದು ಹಾಸ್ಯಮಾಡುತ್ತಿದ್ದರು. ಆ ಎಂಜಿನನ್ನು ಮಾಡಿದ ಕರ್ಟಿಸ್-ರೈಟ್ ಕಂಪನಿಯೇ 1958ರಲ್ಲಿ ವ್ಯಾಂಕೆಲ್ ಎಂಜಿನಿನ ಪರವಾನಗಿಯನ್ನು ಪಡೆದುದು ಕುತೂಹಲದ ಸಂಗತಿ.

ಒಂದೇ ರೋಟರಿನ ಸಣ್ಣ ಎಂಜಿನಿಗೆ ಜೋಡಿ ತಿದಿಯ ಅನುಕೂಲವಿಲ್ಲ. ಅಲ್ಲಿ ಹೊಡೆತವನ್ನು ಹುಟ್ಟುವಲ್ಲಿಯೇ ಮೆತ್ತಗೆ ಮಾಡಬೇಕು: ದ್ವಾರದ ಅಂಚನ್ನು ಮೊದಲು ಸೀಳಿನಂತೆ ತೆರೆದು ಬಳಿಕ ಅಗಲವಾಗುವಂತೆ ಕೊರೆಯಬಹುದು, ಇಲ್ಲವೆ 2003ರ ಆರ್‌ಎಕ್ಸ್-8 ಕಾರಿನಲ್ಲಿ ಮಾಡಿದಂತೆ ದ್ವಾರವನ್ನು ಪಕ್ಕದ ಗೋಡೆಗೆ ಒಯ್ಯಬಹುದು, ಆ ಕಾರಿನಲ್ಲಿ ಟರ್ಬೈನು ಇರಲಿಲ್ಲವಾದರೂ. ಉಳಿದುದು ಕೊಳವೆಯ ಉದ್ದ. 1200 ಡಿಗ್ರಿ ನಿರಪೇಕ್ಷ ಉಷ್ಣತೆಯ ಹೊಗೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 680 ಮೀಟರು. ಅರ್ಧ ಮೀಟರಿನ ಕೊಳವೆಯಲ್ಲಿ ಒತ್ತಡದ ಅಲೆಯು ಟರ್ಬೈನಿಗೆ ಬಡಿದು ಮರಳಲು ಸಾವಿರದ ಒಂದೂವರೆ ಪಾಲು ಸೆಕೆಂಡು ಹಿಡಿಯುತ್ತದೆ. 6000 ಸುತ್ತಿನ ವೇಗದಲ್ಲಿ ಅಷ್ಟರೊಳಗೆ ದಂಡವು 53 ಡಿಗ್ರಿ ತಿರುಗಿರುತ್ತದೆ. ಮರಳಿದ ಅಲೆಯು ದ್ವಾರಕ್ಕೆ ಯಾವ ಗಳಿಗೆಯಲ್ಲಿ ತಲಪುತ್ತದೆಂಬುದನ್ನು ಅವಲಂಬಿಸಿ ಎಂಜಿನು ಸರಾಗವಾಗಿ ಉಸಿರು ಬಿಡುತ್ತದೆ, ಅಥವಾ ತನ್ನ ಹೊಗೆಯನ್ನೇ ಮತ್ತೆ ನುಂಗುತ್ತದೆ.