ಉಚಿತ ಪಡಿತರದ ಹಿಂದಿನ ಎರಡು ದಶಕ

2020ರ ಮಾರ್ಚ್ 25ರಂದು ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದ ಮರುದಿನವೇ ಕೇಂದ್ರ ಸರ್ಕಾರವು ಪ್ರಧಾನ ಮಂತ್ರಿ ಗರೀಬ್ ಕಲ್ಯಾಣ್ ಅನ್ನ ಯೋಜನೆಯನ್ನು ಪ್ರಕಟಿಸಿ, ಆಹಾರ ಭದ್ರತಾ ಕಾಯ್ದೆಯಡಿ ಪಡಿತರ ಚೀಟಿಯಲ್ಲಿ ಹೆಸರಿದ್ದ ಪ್ರತಿಯೊಬ್ಬರಿಗೂ ಎಂದಿನ ಪಾಲಿನ ಜೊತೆಗೆ ತಿಂಗಳಿಗೆ 5 ಕೆ.ಜಿ. ಅಕ್ಕಿ ಅಥವಾ ಗೋಧಿಯನ್ನೂ ಕುಟುಂಬವೊಂದಕ್ಕೆ 1 ಕೆ.ಜಿ. ಬೇಳೆಕಾಳನ್ನೂ ಉಚಿತವಾಗಿ ಕೊಡಲು ತೀರ್ಮಾನಿಸಿತು. ಸುಮಾರು 80 ಕೋಟಿ ಜನರನ್ನು ಮುಟ್ಟಬೇಕಿದ್ದ ಯೋಜನೆ ಅಷ್ಟು ಬೇಗ ಹೊರಡಲು ದಾಸ್ತಾನು, ನ್ಯಾಯಬೆಲೆ ಅಂಗಡಿ, ಫಲಾನುಭವಿಗಳ ಪಟ್ಟಿ ಈ ಮೂರೂ ಮೊದಲೇ ಸಿದ್ಧವಿದ್ದುದೇ ಕಾರಣ; ಆ ಸಿದ್ಧತೆಯಾದರೋ ಹಸಿದವರ ಪರವಾಗಿ ನಡೆದ ದೀರ್ಘ ಹೋರಾಟದ ಫಲ.

2001ರಲ್ಲಿ ರಾಜಸ್ಥಾನ ಬರದಿಂದ ತತ್ತರಿಸುತ್ತಿದ್ದಾಗ ಭಾರತೀಯ ಆಹಾರ ನಿಗಮದ ಉಗ್ರಾಣಗಳು ತುಂಬಿ ತುಳುಕುತ್ತಿದ್ದವು. ಈ ವೈಪರೀತ್ಯವನ್ನು ಸಹಿಸಲಾರದೆ ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಘಟನೆ ಸುಪ್ರೀಂ ಕೋರ್ಟ್‌ಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಿತು. ಅದೇ ವರ್ಷ ನವೆಂಬರ್ 28ರ ಮಧ್ಯಂತರ ಆದೇಶವು, ಅದುವರೆಗೆ ಸರ್ಕಾರಗಳ ಮರ್ಜಿಗೆ ಬಿಟ್ಟಿದ್ದ ಆಹಾರ ಯೋಜನೆಗಳನ್ನು ಜನರು ಹಕ್ಕಿನಿಂದ ಕೇಳಬಹುದಾದ ಸವಲತ್ತುಗಳನ್ನಾಗಿ ಮಾಡಿತಲ್ಲದೆ, ಶಾಲೆಗಳಲ್ಲಿ ಬೇಯಿಸಿದ ಬಿಸಿಯೂಟ ಬಡಿಸುವಂತೆಯೂ ವಿಧಿಸಿತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಇದೇ ಹಾದಿಯಲ್ಲಿ ಮುಂದುವರಿದು, ಗ್ರಾಮೀಣ ಜನಸಂಖ್ಯೆಯ ಶೇ 75ರವರೆಗೆ ಹಾಗೂ ನಗರವಾಸಿಗಳ ಶೇ 50ರವರೆಗೆ ತಲಾ 5 ಕೆ.ಜಿ. ಧಾನ್ಯವನ್ನೂ, ಕಡುಬಡವರಿಗೆಂದು ಇರುವ ಅಂತ್ಯೋದಯ ಕುಟುಂಬಗಳಿಗೆ 35 ಕೆ.ಜಿ.ಯನ್ನೂ ಖಾತರಿಪಡಿಸಿತು.

ಸೋಂಕಿನ ಭೀತಿಯಿಂದ ಶಾಲೆಗಳು ಮುಚ್ಚಿದಾಗ ಬಿಸಿಯೂಟ ನಿಂತುಹೋಗುವುದನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 18ರಂದು ಸ್ವಯಂಪ್ರೇರಿತವಾಗಿ ವಿಚಾರಣೆಗೆ ಎತ್ತಿಕೊಂಡಿತು. ಅಕ್ಷರ ದಾಸೋಹವೆಂಬ ಹೆಸರಿನಲ್ಲಿ ಊಟ ಬಡಿಸುತ್ತಿದ್ದ ಕರ್ನಾಟಕದ ಶಾಲೆಗಳಲ್ಲಿ ಶಿಕ್ಷಕರು ಊಟವಿಲ್ಲದ ದಿನಗಳ ಲೆಕ್ಕ ಹಿಡಿದು, ಅಕ್ಕಿ ಮತ್ತು ತೊಗರಿಬೇಳೆಯನ್ನು ಅಳೆದು ಪೋಷಕರ ಕೈಗೆ ಕೊಟ್ಟರು. ಆದರೆ ಶಾಲೆಯ ತಟ್ಟೆಗೆ ಬಿದ್ದ ಅನ್ನ ಮಗುವೊಂದರದೇ ಆಗಿದ್ದರೆ, ಕೂಲಿ ನಿಂತ ಮನೆಗೆ ಹೋದ ಅಕ್ಕಿ ಎಲ್ಲರ ಹಸಿವಿಗೂ ಹಂಚಿಹೋಗುವುದು ಸಹಜವಾದ್ದರಿಂದ, ಈ ಏರ್ಪಾಡು ಬಿಸಿಯೂಟಕ್ಕೆ ಪೂರ್ತಿ ಸಾಟಿಯಾಗಲಿಲ್ಲವೆಂದೇ ಹೇಳಬೇಕಾಗುತ್ತದೆ.

ವ್ಯವಸ್ಥೆ ತೀವ್ರವಾಗಿ ಸೋತದ್ದು ವಲಸೆ ಕಾರ್ಮಿಕರ ವಿಷಯದಲ್ಲಿ. ಬೆಂಗಳೂರಿನ ಕಟ್ಟಡ ಕಾಮಗಾರಿಯ ಶೆಡ್‌ನಲ್ಲಿದ್ದ ಬಿಹಾರದ ಕೂಲಿಯಾಳಿನ ಹೆಸರು ತವರಿನ ಚೀಟಿಯಲ್ಲಿತ್ತು, ಅವನ ಪಾಲಿನ ಧಾನ್ಯ ಅಲ್ಲಿನ ಅಂಗಡಿಯಲ್ಲಿತ್ತು. ಒಂದು ರಾಜ್ಯದ ಚೀಟಿಗೆ ಇನ್ನೊಂದು ರಾಜ್ಯದಲ್ಲಿ ಹೆಬ್ಬೆಟ್ಟು ಒತ್ತಿ ಪಡಿತರ ಪಡೆಯುವ ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆಗೆ 2020ರ ಜನವರಿಯ ಹೊತ್ತಿಗೆ ಕರ್ನಾಟಕವೂ ಸೇರಿ 12 ರಾಜ್ಯಗಳಷ್ಟೇ ಬಂದಿದ್ದವು, ಬಿಹಾರ ಆಗಿನ್ನೂ ಹೊರಗಿತ್ತು. ಚೀಟಿಯಿಲ್ಲದ ಸುಮಾರು 8 ಕೋಟಿ ವಲಸಿಗರಿಗೆ ಎರಡು ತಿಂಗಳ ಕಾಲ ತಲಾ 5 ಕೆ.ಜಿ. ಧಾನ್ಯ ಕೊಡುವ ಘೋಷಣೆ ಹೊರಟದ್ದು ಮೇ 14ರಂದು. ಅಷ್ಟರಲ್ಲಿ ಲಕ್ಷಾಂತರ ಜನ ಹೆದ್ದಾರಿಗಳಲ್ಲಿ ನಡೆದು ಊರಿನ ದಾರಿ ಹಿಡಿದಿದ್ದರು. ಉಗ್ರಾಣ ಭರ್ತಿಯಿದ್ದಾಗಲೂ ಇಷ್ಟು ವಿಳಂಬವಾದದ್ದಕ್ಕೆ ಸಮರ್ಥನೆಯಿಲ್ಲ.

2021ರ ಜೂನ್ 29ರಂದು ಸುಪ್ರೀಂ ಕೋರ್ಟ್, ಈ ಚೀಟಿ ವ್ಯವಸ್ಥೆಯನ್ನು ಜುಲೈ 31ರೊಳಗೆ ಎಲ್ಲ ರಾಜ್ಯಗಳೂ ಜಾರಿಗೊಳಿಸಬೇಕೆಂದೂ ವಲಸಿಗರಿಗಾಗಿ ಸಮುದಾಯ ಅಡುಗೆಮನೆಗಳನ್ನು ನಡೆಸಬೇಕೆಂದೂ ತೀರ್ಪಿತ್ತಿತು. ಆದರೂ ಕೊನೆಯ ರಾಜ್ಯವಾದ ಅಸ್ಸಾಂ ಸೇರಿಕೊಂಡದ್ದು 2022ರ ಜೂನ್‌ನಲ್ಲಿ. ಹೆಚ್ಚುವರಿ ಧಾನ್ಯ ಆ ವರ್ಷದ ಡಿಸೆಂಬರ್‌ಗೆ ನಿಂತು, 2023ರ ಜನವರಿಯಿಂದ ಕಾಯ್ದೆಯ ಮೂಲ ಪಾಲೇ ಉಚಿತವಾಯಿತು. ಆ ಪಾಲು ಎಷ್ಟು ಜನರಿಗೆ ಎಂಬುದನ್ನು ಮಾತ್ರ ಆಗಲೂ 2011ರ ಜನಗಣತಿಯ ಮೇಲೆಯೇ ಲೆಕ್ಕ ಹಾಕಲಾಗುತ್ತಿತ್ತು.